ಶೇಂಗಾ ಎಣ್ಣೆ: ಲೀಟರೋ ಕೆಜಿಯೋ, ಮೊದಲು ಕೇಳಿ
ಪ್ಯಾಕೆಟ್ ಎಣ್ಣೆಗೆ ಲೀಟರ್ ಲೆಕ್ಕ, ಚಳ್ಳಕೆರೆ ಕಡೆ ಗಾಣದಲ್ಲಿ ತಗೊಂಡ್ರೆ ಎಷ್ಟೋ ಸಲ ಕೆಜಿ ಲೆಕ್ಕ. ಎರಡೂ ಒಂದೇ ಅಂದ್ಕೊಂಡ್ರೆ ರೇಟು ತಪ್ಪುತ್ತೆ. 1 ಲೀಟರ್ ಎಣ್ಣೆ ತೂಗೋದು ಸುಮಾರು 910 ಗ್ರಾಂ. ಲೀಟರ್ ರೇಟನ್ನ 1.1ರಿಂದ ಗುಣಿಸಿ: ಲೀಟರಿಗೆ 180 ಇದ್ರೆ ಕೆಜಿಗೆ 198 ಬಿದ್ದಂಗೆ. ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರನೂ ಓದಿ, ಲೀಟರಿನಂಗೇ ಕಾಣೋ ಕೆಲವು 800–850 ಗ್ರಾಂ ಅಷ್ಟೇ ಇರ್ತವೆ.

15 ಕೆಜಿ ಡಬ್ಬಿ ಅಂದ್ರೆ ಹತ್ತಿರಹತ್ತಿರ 16.5 ಲೀಟರ್. ತಿಂಗಳಿಗೆ 3 ಲೀಟರ್ ಖರ್ಚಿನ ಮನೆಗೆ ಅದು ಐದು ತಿಂಗಳು ಬರುತ್ತೆ, ಅಷ್ಟರೊಳಗೆ ಕಮಟು ಹಿಡಿಯಬಹುದು. (ದಿನಾ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕರಿಯೋರ ಮಾತು ಬೇರೆ!) ಅಕ್ಕಪಕ್ಕದ ಮೂರು ಮನೆಯೋರು ಹಂಚ್ಕೊಳ್ಳಿ. ಒಣಗಿದ ಸ್ಟೀಲ್ ಕ್ಯಾನಿಗೆ ಕುತ್ತಿಗೆವರೆಗೂ ತುಂಬಿ, ಕತ್ತಲಲ್ಲಿಡಿ. ಹಸಿ ಸೌಟು ಅದ್ದಬೇಡಿ.