ಭಾಗೀರತಿ ತಟ್ಟಿದ ಬಾಗಿಲುಗಳು

ನಾನು ಮಂಡ್ಯ ಕಡೆಯವಳು. ಹಾವೇರಿ ಜಿಲ್ಲೆಯ ಪಿಯು ಕಾಲೇಜೊಂದಕ್ಕೆ ಕನ್ನಡ ಪಾಠ ಮಾಡಲು ಬಂದು 16 ವರ್ಷವಾಯಿತು. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಪಠ್ಯದಲ್ಲಿ ಇರಲಿ, ಬಿಡಲಿ, ವರ್ಷಕ್ಕೊಮ್ಮೆ ಅದನ್ನು ಮಕ್ಕಳಿಂದ ಓದಿಸಿಯೇ ತೀರುತ್ತೇನೆ. ಮೊದಲ ಕೆಲವು ವರ್ಷ ಅದನ್ನು ತಪ್ಪಾಗಿ ಕಲಿಸಿದೆ. ಆಮೇಲೆ ಹೇಗೆ ಕಲಿಸತೊಡಗಿದೆ ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಕತೆ ಎಲ್ಲರಿಗೂ ಗೊತ್ತಿರುವುದೇ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಸೆರೆಮುಕ್ಕ ನೀರೂ ಬರುವುದಿಲ್ಲ. ಶಾಸ್ತ್ರದ ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಹಾರ, ಅಂದರೆ ಬಲಿ, ಕೊಡಬೇಕು ಎನ್ನುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲ. ಹಾಗಾಗಿ ಕಿರಿಸೊಸೆ ಭಾಗೀರತಿ. ಅವಳ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಊರಲ್ಲಿಲ್ಲ.

ನಾನು ಬರೆಸುತ್ತಿದ್ದ ನೋಟ್ಸು ಹೀಗಿತ್ತು: ಭಾಗೀರತಿ ತ್ಯಾಗಮಯಿ, ಸಹನಾಮೂರ್ತಿ, ಊರಿನ ಒಳಿತಿಗಾಗಿ ಪ್ರಾಣ ಕೊಟ್ಟ ಆದರ್ಶ ಗೃಹಿಣಿ. ನಾಲ್ಕು ಅಂಕಕ್ಕೆ ಇಷ್ಟು ಸಾಕು. ಮಕ್ಕಳು ಹಾಗೇ ಬರೆಯುತ್ತಿದ್ದರು, ನಾನು ಹಾಗೇ ಅಂಕ ಕೊಡುತ್ತಿದ್ದೆ.

ಆ ದಿನಗಳಲ್ಲಿ ದ್ವಿತೀಯ ಪಿಯುನಲ್ಲಿ ಒಬ್ಬ ಹುಡುಗಿ ಇದ್ದಳು. ಅಕ್ಷರ ಮುತ್ತಿನಂತೆ. ನವೆಂಬರ್ ತಿಂಗಳಲ್ಲಿ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು, “ಮಿಸ್, ಹಾಜರಿ ಕಮ್ಮಿ ಆದ್ರ ಪರೀಕ್ಷಾಕ್ಕ ಕೂಡಸತಾರನ್ರಿ?” ಎಂದಳು. ವೈದ್ಯರ ಸರ್ಟಿಫಿಕೇಟ್ ತಂದುಕೊಡು, ನಾನು ಪ್ರಿನ್ಸಿಪಾಲರಿಗೆ ಹೇಳುತ್ತೇನೆ ಅಂದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. “ಮಿಸ್, ಮುಂದಿನ ವರ್ಷ ಬಾಹ್ಯ ಕಟ್ಟಿ ಬರೀಬಹುದನ್ರಿ?” ಬರೆಯಬಹುದು, ಆದರೆ ಯಾಕೆ, ಈ ವರ್ಷವೇ ಬರಿ ಅಂದೆ. ನನ್ನ ಮುಂದೆ ತಿದ್ದಬೇಕಾದ ಕಿರುಪರೀಕ್ಷೆಯ ಹಾಳೆಗಳ ಗಂಟಿತ್ತು. ಅವಳು ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತಿದ್ದಳು. ಆಮೇಲೆ “ಹೂನ್ರಿ ಮಿಸ್” ಎಂದು ಹೋದಳು. ಮುಂದಿನ ವಾರದಿಂದ ಅವಳ ಬೆಂಚು ಖಾಲಿ. ಅವಳಿಗೆ ಆಗ 17. ಮದುವೆಯಾದ ಸುದ್ದಿ ನನಗೆ ತಲುಪಿದ್ದು ಜಾತ್ರೆ ಮುಗಿದ ಮೇಲೆ.

ಮರುವರ್ಷ ಅದೇ ಹಾಡನ್ನು ತರಗತಿಯಲ್ಲಿ ಜೋರಾಗಿ ಓದುತ್ತಿದ್ದೆ. ಭಾಗೀರತಿ ತವರಿಗೆ ಹೋಗುವ ಭಾಗ. ಎಂದೂ ಬಾರದವಳು ಇಂದು ಯಾಕೆ ಬಂದೆ, ಕಣ್ಣಲ್ಲಿ ನೀರು ಯಾಕೆ ಎಂದು ಅಪ್ಪ ಕೇಳುತ್ತಾನೆ. ಅವಳು ಹಾರದ ಮಾತು ಎತ್ತುವುದೇ ಇಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಅನ್ನುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಅನ್ನುತ್ತಾನೆ ಅಪ್ಪ. ಆ ಸಾಲಿಗೆ ಬಂದಾಗ ನನ್ನ ದನಿ ನಿಂತಿತು. ಹಾಜರಿ, ಸರ್ಟಿಫಿಕೇಟ್, ಬಾಹ್ಯ ಪರೀಕ್ಷೆ. ಅವಳು ನನ್ನ ಬಾಗಿಲಿಗೆ ಎರಡು ಸಲ ಬಂದಿದ್ದಳು, ನಾನು ಎರಡು ಸಲವೂ ಹೊಲಮನೆ ಕೊಡಿಸಿ ಕಳಿಸಿದ್ದೆ.

ಅವತ್ತು ಪಾಠ ಅರ್ಧಕ್ಕೇ ನಿಂತಿತು. ಮನೆಗೆ ಬಂದು ಹಾಡನ್ನು ಮೊದಲಿಂದ ಓದಿದೆ. ಈ ಸಲ ಪೆನ್ಸಿಲ್ ಹಿಡಿದು, ಭಾಗೀರತಿ ಏನೇನು ಮಾಡುತ್ತಾಳೆ ಎಂಬುದನ್ನಷ್ಟೇ ಗುರುತು ಹಾಕುತ್ತ ಹೋದೆ. ಸುಮ್ಮನೆ ತಲೆ ಕೊಟ್ಟವಳು ಇಷ್ಟು ಓಡಾಡುತ್ತಾಳೆಯೇ? ಅಪ್ಪನ ಬಳಿ ಹೋಗುತ್ತಾಳೆ. ಅವನು ಹೊಲಮನೆ ಅಂದಾಗ, ಅದಕ್ಕೆ ಬೆಂಕಿ ಹಚ್ಚು ಅನ್ನುತ್ತಾಳೆ. ಅವ್ವ ಕಿವಿಗೆ ವಾಲೆ ಜೋಡಿ ಮಾಡಿಸುತ್ತೇನೆ ಅಂದಾಗ, ಅದನ್ನು ಒಲೆಗೆ ಹಾಕು ಅನ್ನುತ್ತಾಳೆ. ಇದು ಸಹನಾಮೂರ್ತಿಯ ಬಾಯಿಂದ ಬರುವ ಮಾತೇ? ಅಷ್ಟು ಸಲ ಪಾಠ ಮಾಡಿಯೂ ಈ ಬೆಂಕಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೋಟ್ಸಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕೊನೆಗೆ ಗೆಳತಿಯ ಮನೆಗೆ ಹೋಗುತ್ತಾಳೆ. ನಿಜವನ್ನು ಬಾಯಿಬಿಟ್ಟು ಹೇಳುವುದು ಅಲ್ಲಿ ಮಾತ್ರ: ಕೆರೆಗೆ ಹಾರ ಕೊಡುತ್ತಾರಂತೆ. ಗೆಳತಿಯ ಉತ್ತರ: “ಕೊಟ್ಟಾರ ಕೊಡಲೇಳ ಇಟ್ಟಾಂಗ ಇರಬೇಕ.”

ಅಲ್ಲಿಂದ ನನ್ನ ಪಾಠದ ದಾರಿ ಬೇರೆಯಾಯಿತು. ಮೊದಲ ದಿನ ಅರ್ಥ ಹೇಳುವುದಿಲ್ಲ. ಮಕ್ಕಳೇ ಓದಬೇಕು. ಈ ಭಾಷೆ ನನಗಿಂತ ಅವರದು, ಅದನ್ನು ಒಪ್ಪಿಕೊಂಡ ದಿನವೇ ತರಗತಿ ಹಗುರಾಯಿತು. ‘ಸೆರೆಮುಕ್ಕ’ ಅಂದರೆ ಒಂದು ಹಿಡಿಯಷ್ಟು ಎಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಲಗೈಯನ್ನು ಬಟ್ಟಲಿನಂತೆ ಬಾಗಿಸಿ, ಬಾಯಿಗೆ ಹಿಡಿದು ತೋರಿಸಿದಳು. “ಹೊಲದಾಗ ನೀರ ಕುಡೀತೀವಲ್ರಿ, ಹಿಂಗ. ಒಂದು ಸೆರೆ.” ಅಷ್ಟು ದೊಡ್ಡ ಕೆರೆ, ಕೆಲಸದವಳೊಬ್ಬಳು ಬಾಗಿ ಕುಡಿಯುವಷ್ಟೂ ನೀರಿಲ್ಲ. ಆ ಕೈ ನೋಡಿದ ಮೇಲೆ ಊರಿನ ದಾಹವೂ ನಿಜವಾದದ್ದು ಎಂದು ತರಗತಿಗೆ ಅರ್ಥವಾಯಿತು. ಮಲ್ಲನಗೌಡನನ್ನು ಬರೀ ಕೆಟ್ಟವನೆಂದು ಬೈದು ಮುಗಿಸಲು ಆಗದು ಎಂಬುದೂ.

ಎರಡನೆಯ ದಿನ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಅಪ್ಪ, ಅವ್ವ, ಅಕ್ಕ, ಗೆಳತಿ, ಹಿರಿಸೊಸೆ, ಮಾವ. ಗಂಡುಮಕ್ಕಳೂ ಇರಬೇಕು. ಭಾಗೀರತಿ ಬಾಗಿಲಿಗೆ ಬಂದು ನಿಂತಾಗ ನೀವು ಕೇಳದೇ ಬಿಟ್ಟ ಪ್ರಶ್ನೆ ಯಾವುದು ಎಂದು ಬರೆದುಕೊಂಡು ಬರಲು ಹೇಳುತ್ತೇನೆ. ಒಂದು ಸಾಲು ಸಾಕು. ಅಪ್ಪನ ಪಾತ್ರ ಮಾಡಿದ ಹುಡುಗನೊಬ್ಬ ಬರೆದದ್ದು ಇದು: “ಬ್ಯಾರೆ ಇಟ್ಟರ ಇಷ್ಟ್ಯಾಕ ಅಳತಿ ಅಂತ ನಾ ಕೇಳಬೇಕಿತ್ತರಿ.” ಹಿರಿಸೊಸೆ ಮಾಡಿದವಳು ಏನೂ ಬರೆದಿರಲಿಲ್ಲ. ಕೇಳಿದರೆ, “ನಾ ಬಾಯಿ ತೆಗದ್ರ ಪಾಳಿ ನನಗ ಬರತದ್ರಿ” ಅಂದಳು. ಅದನ್ನು ನಾನು ಬೋರ್ಡಿನ ಮೇಲೆ ಬರೆದು ಪಿರಿಯಡ್ ಮುಗಿಯುವವರೆಗೂ ಅಳಿಸಲಿಲ್ಲ.

ಅವಳು ತವರಿನಿಂದ ಮರಳಿದ ಮೇಲಿನ ಸಾಲುಗಳನ್ನು ನಿಧಾನವಾಗಿ ಓದಿಸಬೇಕು. ಪೂಜೆಗೆಂದು ಕಾಳು ಬೇಳೆ ಹಸನು ಮಾಡುತ್ತ ಕೂತಿದ್ದಾಳೆ, ಕಣ್ಣೀರು ಇಳಿಯುತ್ತಿದೆ. ಮಾವ ಕೇಳಿದರೆ ಹರಳು ಕಣ್ಣಿಗೆ ಬಿತ್ತು ಅನ್ನುತ್ತಾಳೆ. ಈ ಹಾಡನ್ನು ಕಟ್ಟಿ ಉಳಿಸಿಕೊಂಡು ಬಂದ ಹೆಂಗಸರು ಸ್ವತಃ ಕಾಳು ಹಸನು ಮಾಡಿದವರು, ಸೊಸೆಯರಾಗಿ ಬದುಕಿದವರು. ಹರಳಿನ ನೆಪವನ್ನು ಅವರು ಎಲ್ಲಿಂದಲೋ ತಂದದ್ದಲ್ಲ. ಒಮ್ಮೆ ಇದನ್ನು ಓದುವಾಗ ಒಬ್ಬಳು ಥಟ್ಟನೆ “ನಮ್ಮವ್ವ ಉಳ್ಳಾಗಡ್ಡಿ ಹೆಚ್ಚತೀನಿ ಅಂತಾಳ್ರಿ” ಎಂದಳು. ಯಾರೂ ನಗಲಿಲ್ಲ.

ಆಮೇಲೆ ಕೆರೆ. ಪೂಜೆ ಮುಗಿಸಿ ಎಲ್ಲರೂ ಹೊರಟ ಮೇಲೆ ಬಂಗಾರದ ಬಟ್ಟಲು ಅಲ್ಲೇ ಉಳಿದಿದೆ, ಅದನ್ನು ತರಲು ಭಾಗೀರತಿಯೇ ಹೋಗುತ್ತಾಳೆ. ಮೆಟ್ಟಿಲು ಹತ್ತುತ್ತ ಬಂದ ಹಾಗೆ ನೀರೂ ಏರುತ್ತದೆ. ಪಾದ, ಮೊಣಕಾಲು, ನಡು. ಐದನೆಯ ಮೆಟ್ಟಿಲಿಗೆ ಕೆರೆ ತುಂಬಿ ಹೋಗುತ್ತದೆ. ಅವಳು ಮೇಲಕ್ಕೆ ಹತ್ತುತ್ತಿದ್ದಳು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಕೆರೆಗೆ ಹಾರಿದವಳಲ್ಲ ಅವಳು. ಹಾರವಾದವಳು. ಹಾರ ಎಂದರೆ ಬಲಿ. ಹಾಡಿನ ಹೆಸರನ್ನೇ ತಪ್ಪು ಅರ್ಥ ಮಾಡಿಕೊಂಡು ಬರುವ ಮಕ್ಕಳು ವರ್ಷಕ್ಕೆ ನಾಲ್ಕೈದು ಜನ ಸಿಗುತ್ತಾರೆ. ಹಾಡಿನಲ್ಲಿ ತಾನಾಗಿ ನೀರಿಗೆ ಹಾರುವವನು ಮಾದೇವರಾಯ. ಕೆಟ್ಟ ಕನಸು ಬಿದ್ದು ದಂಡಿನಿಂದ ಓಡಿ ಬರುತ್ತಾನೆ. ಮನೆಯಲ್ಲಿ ಸುಳ್ಳು, ತವರಲ್ಲಿ ಗೊತ್ತಿಲ್ಲ, ನಿಜ ಹೇಳುವವಳು ಅದೇ ಗೆಳತಿ.

ಈ ಹಾಡು ಮುಗಿದ ಮೇಲೆ ಒಂದೆರಡು ತಿಂಗಳು ಶನಿವಾರದ ಕೊನೆಯ ಕಾಲು ಗಂಟೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಗಟ್ಟಿಯಾಗಿ ಓದುತ್ತೇನೆ. 1976ರಲ್ಲಿ ಬಂದ ಕಾದಂಬರಿ, ನಿಜವಾಗಿ ಬದುಕಿದ್ದ ಒಬ್ಬ ಬಾಲವಿಧವೆಯ ಕತೆ. ಮಲೆನಾಡಿನ ಬ್ರಾಹ್ಮಣ ಮನೆಯ ಕತೆ ಈ ಬಯಲಿನ ಮಕ್ಕಳಿಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ಅಳುಕಿತ್ತು. ತಲೆ ಬೋಳಿಸುವ ಪದ್ಧತಿ ಅವರಿಗೆ ದೂರದ್ದು. ಶುಭಕಾರ್ಯದಲ್ಲಿ ಹಿಂದೆ ಸರಿದು ನಿಲ್ಲುವ ಅಜ್ಜಿ ಮಾತ್ರ ಪ್ರತಿ ಮನೆಯಲ್ಲೂ ಇದ್ದಾಳೆ. ಫಣಿಯಮ್ಮ ತನಗಾಗಿ ಏನನ್ನೂ ಕೇಳದವಳು. ತನ್ನ ತಲೆಯ ಮೇಲೆ ಕತ್ತಿ ಬಂದಾಗ ಅವಳಿಗೆ ಬಾಯಿ ಇರಲಿಲ್ಲ. ಎಷ್ಟೋ ಕಾಲದ ನಂತರ ದಾಕ್ಷಾಯಣಿ ಎಂಬ ಎಳೆಯ ವಿಧವೆ ಕೂದಲು ಕೊಡಲಾರೆ ಎಂದು ನಿಂತಾಗ, ಅವಳ ಪರವಾಗಿ ಮಾತಾಡುವವಳು ಈ ಮುದುಕಿ. ಆ ಪುಟಗಳನ್ನು ಓದಿದ ಶನಿವಾರ ಗಂಟೆ ಬಾರಿಸಿದರೂ ಮಕ್ಕಳು ಏಳುವುದಿಲ್ಲ. ಭಾಗೀರತಿಗೆ ಸಿಗದ ಬಾಗಿಲು ಇಲ್ಲಿ ಒಬ್ಬಳಿಗೆ ತೆರೆಯಿತು ಎಂದು ನಾನು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ.

ಪಾಠದ ಜೊತೆಗೆ ಇನ್ನೊಂದು ಕೆಲಸ ಮಾಡುತ್ತೇನೆ. ತವರಿನ ಭಾಗ ಓದುವ ದಿನ ಬೋರ್ಡಿನ ಮೂಲೆಯಲ್ಲಿ 1098 ಎಂದು ಬರೆದಿರುತ್ತೇನೆ. ಮಕ್ಕಳ ಸಹಾಯವಾಣಿ. 18 ತುಂಬದ ಹುಡುಗಿಯ ಮದುವೆ ಅಪರಾಧ ಎಂಬುದು ಮಕ್ಕಳಿಗೆ ಗೊತ್ತು, ಯಾರಿಗೆ ಹೇಳಬೇಕು ಎಂಬುದು ಗೊತ್ತಿರುವುದಿಲ್ಲ. ಯಾರಾದರೂ ಸ್ಟಾಫ್ ರೂಮಿಗೆ ಬಂದು ಹಾಜರಿಯ ಮಾತೆತ್ತಿದರೆ ಪೆನ್ನು ಕೆಳಗಿಟ್ಟು ಕುರ್ಚಿ ಎಳೆದು ಕೂರಿಸುತ್ತೇನೆ. ಹೆಚ್ಚಿನ ಸಲ ಅದು ನಿಜಕ್ಕೂ ಹಾಜರಿಯ ಮಾತೇ ಆಗಿರುತ್ತದೆ. ಎರಡು ಸಲ ಆಗಿರಲಿಲ್ಲ.

ಈ ವರ್ಷ ಗೆಳತಿಯ ಸಾಲನ್ನು ಒಬ್ಬೊಬ್ಬರೂ ತಮಗೆ ತೋಚಿದ ದನಿಯಲ್ಲಿ ಹೇಳಬೇಕು ಎಂದೆ. “ಇಟ್ಟಾಂಗ ಇರಬೇಕ.” ಒಬ್ಬಳು ಬುದ್ಧಿ ಹೇಳುವ ಹಾಗೆ ಅಂದಳು. ಒಬ್ಬಳು ಸಿಟ್ಟಿನಲ್ಲಿ ಅಂದಳು, ಇನ್ನೊಬ್ಬಳು ಬಿಕ್ಕುತ್ತ. ಒಬ್ಬ ಹುಡುಗ ತಲೆ ತಗ್ಗಿಸಿ, ತನಗೆ ತಾನೇ ಹೇಳಿಕೊಂಡ ಹಾಗೆ ಅಂದ. ಕಿಟಕಿ ಪಕ್ಕದವಳ ಸರದಿ ಬಂದಾಗ ಅವಳು ಎದ್ದು ಸುಮ್ಮನೆ ನಿಂತಳು.

“ಯಾಕಮ್ಮ, ಮರೆತೆಯಾ?”

“ಇಲ್ರಿ ಮಿಸ್. ನಾ ಅದನ್ನ ಅನ್ನಂಗಿಲ್ರಿ.”

“ಮತ್ತೇನು ಅನ್ನುತ್ತೀ?”

ಅವಳು ಪುಸ್ತಕ ಮುಚ್ಚಿ ಯೋಚಿಸಿದಳು. “ಒಳಗ ಬಾ, ಬಾಗಲಾ ಹಾಕೂಣು ಅಂತೀನ್ರಿ.”

ಅದನ್ನೇ ಹಾಡಿನ ಧಾಟಿಗೆ ಕೂರಿಸಿಕೊಂಡು ಬಾ ಎಂದು ಹೇಳಿದ್ದೇನೆ. ಸೋಮವಾರ ತರುತ್ತೇನೆ ಎಂದಿದ್ದಾಳೆ.