ಪುಟ್ಟ ಲ್ಯಾಪ್‌ಟಾಪಿನಲ್ಲಿ ವೈ-ಫೈ, ಬ್ಲೂಟೂತ್ ಮತ್ತು ಮೌಸನ್ನು ದಾರಿಗೆ ತಂದದ್ದು: ನನ್ನ ಅನುಭವ

ಡೊಂಬಿವಲಿಯಿಂದ ಮಾಟುಂಗಕ್ಕೆ ಬೆಳಗಿನ ಲೋಕಲ್‌ನಲ್ಲಿ ನಿಂತೇ ಹೋಗಬೇಕಾದವನಿಗೆ ದೊಡ್ಡ ಲ್ಯಾಪ್‌ಟಾಪ್ ಒಂದು ಹೊರೆ. ನಾಲ್ಕು ಉಡುಪಿ ಹೋಟೆಲುಗಳ ಲೆಕ್ಕಪತ್ರ ನೋಡಿಕೊಳ್ಳುವ ನನಗೆ, ಎದೆಗೆ ಅವುಚಿಕೊಂಡ ಚೀಲದಲ್ಲಿ ಅಡಗುವಂಥ ಯಂತ್ರ ಬೇಕಿತ್ತು. ಹಾಗಾಗಿ 2023ರಲ್ಲಿ 11.6 ಇಂಚಿನ ಪರದೆ, 4 ಜಿಬಿ ರ್‍ಯಾಮ್ ಮತ್ತು 32 ಜಿಬಿ ಸಂಗ್ರಹವಿರುವ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಕೊಂಡೆ. ಅದರಲ್ಲಿದ್ದ ವಿಂಡೋಸ್ 10 ತನ್ನ ಅಪ್‌ಡೇಟ್‌ಗಳನ್ನು ಇಳಿಸಿಕೊಳ್ಳಲೂ ಜಾಗ ಸಾಲದೆ ಏದುಸಿರು ಬಿಡುತ್ತಿದ್ದುದರಿಂದ, ಅದನ್ನು ತೆಗೆದು ಲಿನಕ್ಸ್ ಮಿಂಟ್ 21 ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಹಾಕಿದೆ. ಯಂತ್ರ ಹಗುರವಾಗಿ ಓಡತೊಡಗಿತು, ಆದರೆ ವೈ-ಫೈ ಮಾತ್ರ ರೂಟರಿನ ಪಕ್ಕದಲ್ಲಿ ಕುಳಿತರಷ್ಟೇ ಸಿಗುತ್ತಿತ್ತು. ಅಡುಗೆಮನೆಗೆ ಹೋದರೆ ಕಡಿದುಹೋಗುತ್ತಿತ್ತು.

ಕೇಳಿದವರೆಲ್ಲ ಕೊಟ್ಟ ಉತ್ತರ ಒಂದೇ, ‘ಡ್ರೈವರ್ ಸರಿಯಿಲ್ಲ’. ನಾನೂ ಅದನ್ನೇ ನಂಬಿ ಎರಡು ಭಾನುವಾರಗಳನ್ನು ಕಳೆದೆ. ನಿಸ್ತಂತು ಸಾಧನವೊಂದು ಕೆಲಸ ಮಾಡಬೇಕಾದರೆ ಒಂದರ ಮೇಲೊಂದು ನಾಲ್ಕು ಸಂಗತಿಗಳು ಕೂಡಿಬರಬೇಕು ಎಂಬುದು ಆಮೇಲೆ ತಿಳಿಯಿತು. ಯಂತ್ರಕ್ಕೆ ಆ ಸಾಧನ ಕಾಣಬೇಕು. ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲಿ ಇರಬೇಕು. ಆ ಡ್ರೈವರ್ ಸಾಧನದೊಳಕ್ಕೆ ತುಂಬುವ ಫರ್ಮ್‌ವೇರ್ ಎಂಬ ಸಣ್ಣ ಕಡತ ಡಿಸ್ಕಿನಲ್ಲಿ ಇರಬೇಕು. ಕೊನೆಗೆ ಆಂಟೆನಾ ಮತ್ತು ಸುತ್ತಲಿನ ರೇಡಿಯೊ ವಾತಾವರಣ ಸಹಕರಿಸಬೇಕು. ಮೊದಲ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಯಂತ್ರವೇ ಬರೆದಿಟ್ಟುಕೊಂಡಿರುತ್ತದೆ. ‘ಡಿಮೆಸ್ಗ್’ ಎಂಬ ಆದೇಶ ಕೊಟ್ಟರೆ ಕರ್ನೆಲ್‌ನ ದಿನಚರಿ ಪರದೆಯ ಮೇಲೆ ಬರುತ್ತದೆ, ಫರ್ಮ್‌ವೇರ್ ಸಿಗದಿದ್ದರೆ ಯಾವ ಹೆಸರಿನ ಕಡತ ಸಿಗಲಿಲ್ಲ ಎಂಬುದೂ ಅಲ್ಲಿ ಇರುತ್ತದೆ. ಇದನ್ನು ಓದದೆ ಡ್ರೈವರ್ ಹುಡುಕಲು ಹೊರಡುವುದು ಜ್ವರದ ಕಾರಣ ತಿಳಿಯದೆ ಔಷಧಿ ಅಂಗಡಿಗೆ ಹೋದಂತೆ.

ಸಾಧನದ ನಿಜವಾದ ಗುರುತು ಪೆಟ್ಟಿಗೆಯ ಮೇಲಿನ ಹೆಸರಿನಲ್ಲಿ ಇರುವುದಿಲ್ಲ. ಒಂದೇ ಹೆಸರಿನ, ಒಂದೇ ಬಣ್ಣದ ಪೆಟ್ಟಿಗೆಯಲ್ಲಿ ಈ ವರ್ಷ ಒಂದು ಚಿಪ್, ಮುಂದಿನ ವರ್ಷ ಇನ್ನೊಂದು ಚಿಪ್ ಬರುವುದುಂಟು. ಒಳಗಿನ ಕಾರ್ಡುಗಳಿಗೆ ‘ಎಲ್‌ಎಸ್‌ಪಿಸಿಐ’, ಯುಎಸ್‌ಬಿ ಸಾಧನಗಳಿಗೆ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆದೇಶ ಕೊಟ್ಟಾಗ ಕೋಲನ್ ಚಿಹ್ನೆಯ ಎರಡು ಬದಿಯಲ್ಲಿ ನಾಲ್ಕು ನಾಲ್ಕು ಅಕ್ಷರಗಳ ಒಂದು ಗುರುತು ಕಾಣುತ್ತದೆ. ಮೊದಲನೆಯದು ತಯಾರಕರದು, ಎರಡನೆಯದು ಆ ಸಾಧನದ್ದು. (ಮೊದಲ ಆದೇಶಕ್ಕೆ ಎರಡು ‘ಎನ್’ ಇರುವ ಆಯ್ಕೆಯನ್ನು ಸೇರಿಸಿದರೆ ಈ ಸಂಖ್ಯೆ ಕಾಣುತ್ತದೆ.) ನನ್ನ ಕಾರ್ಡು 10ಇಸಿ:ಬಿ723 ಎಂದು ತೋರಿಸಿತು, ಅಂದರೆ ರಿಯಲ್‌ಟೆಕ್ ಸಂಸ್ಥೆಯ ಆರ್‌ಟಿಎಲ್8723ಬಿಇ ಎಂಬ ಚಿಪ್. ವೈ-ಫೈ ಮತ್ತು ಬ್ಲೂಟೂತ್ ಎರಡೂ ಒಂದೇ ಕಾರ್ಡಿನಲ್ಲಿ, ವೈ-ಫೈ 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ. ಡ್ರೈವರ್ ಕರ್ನೆಲ್‌ನಲ್ಲೇ ಇತ್ತು, ಫರ್ಮ್‌ವೇರ್ ಕಡತವೂ ಇತ್ತು, ದಿನಚರಿಯಲ್ಲಿ ಒಂದು ದೂರೂ ಇರಲಿಲ್ಲ. ಹಾಗಿದ್ದ ಮೇಲೆ ಎರಡು ಭಾನುವಾರ ನಾನು ಹುಡುಕಿದ ದೋಷ ಅಲ್ಲಿ ಇರಲೇ ಇಲ್ಲ.

ದೋಷ ಇದ್ದದ್ದು ನಾಲ್ಕನೆಯ ಮೆಟ್ಟಿಲಲ್ಲಿ. ಈ ಕಾರ್ಡಿನ ಮೇಲೆ ಆಂಟೆನಾ ತಂತಿಯನ್ನು ಸಿಕ್ಕಿಸುವ ಎರಡು ಗುಂಡಿಗಳಿವೆ, ಆದರೆ ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಆಂಟೆನಾ ಜೋಡಿಸಿರುತ್ತಾರೆ. ಆಂಟೆನಾ ಯಾವ ಗುಂಡಿಗೆ ಸಿಕ್ಕಿದೆ ಎಂಬುದನ್ನು ಯಂತ್ರ ಡ್ರೈವರ್‌ಗೆ ಸರಿಯಾಗಿ ತಿಳಿಸದಿದ್ದಾಗ, ಡ್ರೈವರ್ ಏನೂ ಸಿಕ್ಕಿಸದ ಗುಂಡಿಯ ಮೂಲಕ ಆಲಿಸುತ್ತ ಕೂರುತ್ತದೆ. ‘ಮೋಡ್‌ಇನ್ಫೋ’ ಆದೇಶದಿಂದ ಡ್ರೈವರ್‌ನ ಆಯ್ಕೆಗಳನ್ನು ಓದುತ್ತಿದ್ದಾಗ ‘ಆಂಟ್_ಸೆಲ್’ ಎಂಬ ಹೆಸರು ಕಣ್ಣಿಗೆ ಬಿತ್ತು. ಆಂಟೆನಾ ಸಂಖ್ಯೆಯನ್ನು 1 ಅಥವಾ 2 ಎಂದು ನಾವೇ ನಿಗದಿಪಡಿಸಲು ಅದು ಅವಕಾಶ ಕೊಡುತ್ತದೆ. ‘ಮೋಡ್‌ಪ್ರೋಬ್’ ಆದೇಶದಿಂದ ಡ್ರೈವರನ್ನು ಕರ್ನೆಲ್‌ನಿಂದ ಹೊರತೆಗೆದು, ಆ ಸಂಖ್ಯೆ 1 ಎಂದು ಕೊಟ್ಟು ಮತ್ತೆ ಸೇರಿಸಿದೆ, ಏನೂ ಬದಲಾಗಲಿಲ್ಲ. 2 ಎಂದು ಕೊಟ್ಟಾಗ, ಅದೇ ಕುರ್ಚಿಯಲ್ಲಿ, ಅದೇ ರೂಟರಿನಿಂದ, ಮೈನಸ್ 81 ಡಿಬಿಎಂ (ಸಂಕೇತದ ಶಕ್ತಿಯ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಇದ್ದ ಸಂಕೇತ ಮೈನಸ್ 47ಕ್ಕೆ ಬಂತು. ಈ ಅಳತೆಯಲ್ಲಿ ಪ್ರತಿ 10 ಅಂಕಕ್ಕೆ ಶಕ್ತಿ ಹತ್ತು ಪಟ್ಟಾಗುತ್ತದೆ. 34 ಅಂಕವೆಂದರೆ ಎರಡು ಸಾವಿರ ಪಟ್ಟಿಗೂ ಹೆಚ್ಚು. ಮೋಡ್‌ಪ್ರೋಬ್‌ನ ಸಂರಚನೆಯ ಕಡತಗಳಿರುವ ಕೋಶದಲ್ಲಿ ಒಂದೇ ಸಾಲಿನ ಕಡತ ಬರೆದಿಟ್ಟ ಮೇಲೆ, ಯಂತ್ರ ಮರುಚಾಲನೆಗೊಂಡರೂ ಈ ಆಯ್ಕೆ ಉಳಿಯಿತು. ಅಂದು ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಕುಂದಾಪುರದ ಅಮ್ಮನೊಡನೆ ಮೊದಲ ಬಾರಿ ಕಡಿತವಿಲ್ಲದೆ ವೀಡಿಯೊ ಮಾತುಕತೆ ನಡೆಸಿದೆ.

ಬ್ಲೂಟೂತ್ ಕೀಬೋರ್ಡ್ ಹೆಚ್ಚು ಕಾಡಲಿಲ್ಲ. ಕೀಬೋರ್ಡಿನಲ್ಲಿ ಆರು ಅಂಕಿ ಒತ್ತಿ ಎಂಟರ್ ಹೊಡೆದರೆ ಜೋಡಣೆ ಆಗುತ್ತಿತ್ತು, ಆದರೆ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ತಾನಾಗಿ ಕೂಡಿಕೊಳ್ಳುತ್ತಿರಲಿಲ್ಲ. ಬ್ಲೂಟೂತ್ ಸಾಧನಗಳನ್ನು ನಿರ್ವಹಿಸುವ ಬ್ಲೂಟೂತ್‌ಸಿಟಿಎಲ್ ಎಂಬ ತಂತ್ರಾಂಶದಲ್ಲಿ ‘ಪೇರ್’ ಆದ ಮೇಲೆ ‘ಟ್ರಸ್ಟ್’ ಎಂಬ ಆದೇಶವನ್ನೂ ಕೊಡಬೇಕು ಎಂಬುದಷ್ಟೇ ಅಲ್ಲಿನ ಗುಟ್ಟು. ಕನ್ನಡ ಟೈಪಿಸಲು ಕಗಪ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ಇರುವುದರಿಂದ ಬೇರೆ ತಂತ್ರಾಂಶ ಬೇಕಾಗಲಿಲ್ಲ.

ಹೆಡ್‌ಫೋನ್ ಮಾತ್ರ ಬೇರೆ ಕಥೆ. ಹಾಡು ಕೇಳುತ್ತ ಕಡತವೊಂದನ್ನು ಇಳಿಸಿಕೊಳ್ಳಲು ಹೊರಟರೆ ಧ್ವನಿ ತುಂಡು ತುಂಡಾಗುತ್ತಿತ್ತು. ಬ್ಲೂಟೂತ್ 2.4 ಗಿಗಾಹರ್ಟ್ಸ್ ಪಟ್ಟಿಯ 79 ಕಿರುದಾರಿಗಳ ನಡುವೆ ಸೆಕೆಂಡಿಗೆ 1600 ಬಾರಿಯವರೆಗೆ ಜಿಗಿಯುತ್ತದೆ. ನನ್ನ ವೈ-ಫೈ ಕೂಡ ಅದೇ ಪಟ್ಟಿಯಲ್ಲಿ, ಅದೇ ಒಂದು ಆಂಟೆನಾದಿಂದ ಮಾತಾಡುತ್ತಿತ್ತು. ಸಾಲದ್ದಕ್ಕೆ ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಒಂದು ಸಂಜೆ ಎಣಿಸಿದಾಗ ಅಕ್ಕಪಕ್ಕದ ಮನೆಗಳ 34 ವೈ-ಫೈ ಜಾಲಗಳು ಕಂಡವು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಕೂರುವ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ರೂಟರನ್ನು 11ಕ್ಕೆ ಬದಲಿಸಿದ್ದರಿಂದ ಸ್ವಲ್ಪ ಗುಣವಾಯಿತೇ ಹೊರತು ಕಾಯಿಲೆ ಹೋಗಲಿಲ್ಲ. ವೈ-ಫೈಯನ್ನು 5 ಗಿಗಾಹರ್ಟ್ಸ್‌ಗೆ ಸಾಗಿಸಿ, ಒಳಗಿನ ಆಂಟೆನಾವನ್ನು ಬ್ಲೂಟೂತ್‌ಗೆ ಬಿಟ್ಟುಕೊಡುವುದೇ ದಾರಿ ಎಂದು ತೀರ್ಮಾನಿಸಿ, ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ನಡೆದೆ.

ಅಲ್ಲಿ ಕೊಂಡ ಉಗುರಿನಷ್ಟು ಗಾತ್ರದ ಯುಎಸ್‌ಬಿ ವೈ-ಫೈ ಡಾಂಗಲನ್ನು ಸಿಕ್ಕಿಸಿದಾಗ ಪರದೆಯ ಮೇಲೆ ಹೊಸ ಜಾಲದ ಬದಲು ಒಂದು ಸಿಡಿ ಡ್ರೈವಿನ ಚಿತ್ರ ಮೂಡಿತು. ಗುರುತು ನೋಡಿದೆ: 0ಬಿಡಿಎ:1ಎ2ಬಿ. ವಿಂಡೋಸ್ ಬಳಕೆದಾರರಿಗೆ ಅನುಕೂಲವಾಗಲೆಂದು ಇಂಥ ಡಾಂಗಲ್‌ಗಳು ಮೊದಲು ಡ್ರೈವರ್ ತುಂಬಿದ ಸಿಡಿಯ ವೇಷದಲ್ಲಿ ಬರುತ್ತವೆ. ಆ ಸಿಡಿಯನ್ನು ಹೊರದೂಡಿದ ಮೇಲಷ್ಟೇ ವೈ-ಫೈ ಸಾಧನವಾಗುತ್ತವೆ. ಕಡತ ವ್ಯವಸ್ಥಾಪಕದಲ್ಲಿ ಅದರ ಮೇಲೆ ‘ಇಜೆಕ್ಟ್’ ಒತ್ತಿದೊಡನೆ ಗುರುತು 0ಬಿಡಿಎ:ಸಿ811 ಆಯಿತು. ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪುಟ್ಟ ತಂತ್ರಾಂಶ ಇದೇ ಕೆಲಸವನ್ನು ಪ್ರತಿ ಸಲ ತಾನಾಗಿ ಮಾಡುವಂತೆ ನಿಯಮ ಬರೆಯಬಹುದು, ಹಾಗೆಯೇ ಬರೆದೆ.

ಇಷ್ಟಾದರೂ ಡಾಂಗಲ್ ಮೌನ. ಈ ಬಾರಿ ನಿಜವಾಗಿಯೂ ಡ್ರೈವರ್ ಇರಲಿಲ್ಲ, ಏಕೆಂದರೆ ಈ ಚಿಪ್‌ನ ಯುಎಸ್‌ಬಿ ರೂಪಕ್ಕೆ ಬೆಂಬಲ ಮೂಲ ಕರ್ನೆಲ್‌ಗೆ ಸೇರಿದ್ದು 6.2ರಲ್ಲಿ, ನನ್ನದು 5.15. ಹೊರಗಿನಿಂದ ಡ್ರೈವರ್‌ನ ಮೂಲಸಂಕೇತ ತಂದು, ಕರ್ನೆಲ್ ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಟ್ಟುವ ಡಿಕೆಎಂಎಸ್ ಎಂಬ ತಂತ್ರಾಂಶದ ಮೂಲಕ ಕಟ್ಟಿದೆ. (ಅಂತರ್ಜಾಲಕ್ಕೆ ಆ್ಯಂಡ್ರಾಯ್ಡ್ ಫೋನನ್ನು ತಂತಿಯಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿಕೊಂಡಿದ್ದೆ. ಯಾವ ಡ್ರೈವರನ್ನೂ ಹುಡುಕದೆ ನಡೆಯುವ ಈ ದಾರಿ ಇಂಥ ಹೊತ್ತಿನಲ್ಲಿ ಪ್ರಾಣ ಉಳಿಸುತ್ತದೆ.) ಕಟ್ಟಿದ್ದು ಸರಿಯಾಗಿಯೇ ಕಟ್ಟಿತು, ಆದರೆ ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆ ಚಾಲೂ ಇದ್ದುದರಿಂದ ಸಹಿ ಇಲ್ಲದ ಆ ಡ್ರೈವರನ್ನು ಕರ್ನೆಲ್ ಒಳಗೆ ಬಿಡಲಿಲ್ಲ. ಡಿಕೆಎಂಎಸ್ ತಯಾರಿಸಿದ ಸಹಿಯ ಕೀಲಿಯನ್ನು ‘ಮೋಕ್‌ಯುಟಿಲ್’ ಮೂಲಕ ನೋಂದಾಯಿಸಿ, ಒಂದು ಗುಪ್ತಪದ ಕೊಟ್ಟು, ಮರುಚಾಲನೆಯಲ್ಲಿ ಬರುವ ನೀಲಿ ಪರದೆಯಲ್ಲಿ ಅದೇ ಗುಪ್ತಪದವನ್ನು ಮತ್ತೆ ಬರೆದ ಮೇಲೆ ಡಾಂಗಲ್ ಕೆಲಸ ಮಾಡಿತು. ಆ ನೀಲಿ ಪರದೆ ಸ್ವಲ್ಪ ಹೊತ್ತು ಮಾತ್ರ ಕಾಯುತ್ತದೆ. ಚಹಾ ತರಲು ಎದ್ದುಹೋದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

2024ರಲ್ಲಿ 6.8 ಕರ್ನೆಲ್ ಇರುವ ಮಿಂಟ್ 22 ಬಂದಾಗ ಅದಕ್ಕೆ ಏರಿದೆ. ಡ್ರೈವರ್ ಈಗ ಕರ್ನೆಲ್‌ನಲ್ಲೇ ಇತ್ತು, ಆದರೂ ನಾನು ಹಿಂದೆ ಕಟ್ಟಿದ್ದು ಡಿಕೆಎಂಎಸ್ ಪಟ್ಟಿಯಲ್ಲಿ ಉಳಿದು, ಹೊಸ ಕರ್ನೆಲ್‌ಗೆ ಹೊಂದದೆ, ಪ್ರತಿ ಅಪ್‌ಡೇಟ್‌ನಲ್ಲೂ ದೋಷ ಸಂದೇಶ ಕೊಡುತ್ತಿತ್ತು. ಅದನ್ನು ಪಟ್ಟಿಯಿಂದ ತೆಗೆದುಹಾಕಿದ ಮೇಲೆ ಎಲ್ಲವೂ ಶಾಂತವಾಯಿತು. ಹೊರಗಿನ ಡ್ರೈವರ್ ಕಟ್ಟುವುದು ಅನಿವಾರ್ಯವಾದಾಗ ಕಟ್ಟಬೇಕು, ಆದರೆ ಅದನ್ನು ಹೇಗೆ ತೆಗೆಯುವುದೆಂದು ಅಂದೇ ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊಸದಾಗಿ ಕೊಳ್ಳುವವರು ಚಿಪ್‌ನ ಹೆಸರನ್ನು ಅಂಗಡಿಯಲ್ಲೇ ಕೇಳಿ, ತಮ್ಮ ಕರ್ನೆಲ್‌ನಲ್ಲಿ ಅದಕ್ಕೆ ಬೆಂಬಲವಿದೆಯೇ ಎಂದು ನೋಡಿಯೇ ಹಣ ಕೊಡುವುದು ಒಳ್ಳೆಯದು.

ಹೆಡ್‌ಫೋನ್ ಧ್ವನಿ ಅಂದಿನಿಂದ ತುಂಡಾಗಿಲ್ಲ. ಆದರೆ ಮಾತುಕತೆಯಲ್ಲಿ ಅದರ ಮೈಕ್ ಬಳಸಿದರೆ ಸಂಪರ್ಕವು ಹಾಡಿನ ಎ2ಡಿಪಿ ವಿಧಾನದಿಂದ ಫೋನ್ ಕರೆಯ ಎಚ್‌ಎಫ್‌ಪಿ ವಿಧಾನಕ್ಕೆ ಇಳಿದು, ಧ್ವನಿ ಹಳೆಯ ಟೆಲಿಫೋನಿನಂತಾಗುತ್ತದೆ. ಇದು ಡ್ರೈವರ್‌ನ ತಪ್ಪಲ್ಲ, ಆ ವಿಧಾನದ ಮಿತಿ. ಹಾಗಾಗಿ ಕೇಳಲು ಹೆಡ್‌ಫೋನ್, ಮಾತಾಡಲು ಲ್ಯಾಪ್‌ಟಾಪಿನದೇ ಮೈಕ್ ಎಂದು ಆರಿಸಿಕೊಂಡಿದ್ದೇನೆ.

ಕೊನೆಯ ತೊಂದರೆ ನಿಸ್ತಂತು ಮೌಸಿನದು. ಲೆಕ್ಕದ ನಕಲನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆಯುವಾಗಲೆಲ್ಲ ಮೌಸಿನ ಬಾಣ ಎಡವುತ್ತಿತ್ತು. ಬ್ಯಾಟರಿ ಬದಲಿಸಿದೆ, ಮೇಜಿನ ಮೇಲೆ ಬಟ್ಟೆ ಹಾಸಿದೆ, ಪ್ರಯೋಜನವಾಗಲಿಲ್ಲ. ಯುಎಸ್‌ಬಿ 3.0 ಸಾಧನಗಳು ಮತ್ತು ಅವುಗಳ ತಂತಿಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಸೂಸುತ್ತವೆ ಎಂಬುದನ್ನು ಇಂಟೆಲ್ ಸಂಸ್ಥೆ 2012ರಲ್ಲೇ ತಾಂತ್ರಿಕ ಪ್ರಬಂಧವೊಂದರಲ್ಲಿ ತೋರಿಸಿದೆ. ಪುಟ್ಟ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಕಿಂಡಿಗಳು ಅಂಟಿಕೊಂಡೇ ಇರುವುದರಿಂದ, ನನ್ನ ಮೌಸಿನ ರಿಸೀವರ್ ಹಾರ್ಡ್ ಡಿಸ್ಕಿನ ಪ್ಲಗ್ಗಿಗೆ ತಾಗಿಕೊಂಡೇ ಕುಳಿತಿತ್ತು. ಅರ್ಧ ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ತಂತಿಯಿಂದ ರಿಸೀವರನ್ನು ಮೌಸಿನ ಹತ್ತಿರಕ್ಕೆ ತಂದೆ. ಬಾಣ ಆಮೇಲೆ ಎಡವಲಿಲ್ಲ.

ಕಳೆದ ತಿಂಗಳು ಮಾಟುಂಗದ ಹೋಟೆಲೊಂದರ ಮ್ಯಾನೇಜರು ತಮ್ಮ ಪುಟ್ಟ ಲ್ಯಾಪ್‌ಟಾಪ್ ತಂದು, ‘ಸ್ವಾಮಿ, ಕೌಂಟರಿನಿಂದ ಎರಡು ಹೆಜ್ಜೆ ಸರಿದರೆ ವೈ-ಫೈ ಹೋಗುತ್ತದೆ, ಒಮ್ಮೆ ನೋಡಿ’ ಎಂದರು. ಗುರುತು ನೋಡಿದೆ, ಅದೇ 10ಇಸಿ:ಬಿ723. ನನ್ನ ಒಂದು ಸಾಲಿನ ಕಡತವನ್ನು ಪೆನ್ ಡ್ರೈವಿನಿಂದ ನಕಲಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಸಂಕೇತ ಮೊದಲಿನಷ್ಟೇ ಕ್ಷೀಣ. ಆಂಟೆನಾ ಸಂಖ್ಯೆಯನ್ನು 2ರಿಂದ 1ಕ್ಕೆ ಬದಲಿಸಿದೆ. ಅವರು ಲ್ಯಾಪ್‌ಟಾಪನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲವರೆಗೆ ನಡೆದುಹೋದರು, ಸಂಪರ್ಕ ಕಡಿಯಲಿಲ್ಲ.