ಮೊಳೆಯ ವಿದ್ಯುತ್ಕಾಂತ: ಬಲ ಹೆಚ್ಚಿಸುವುದು ಹೇಗೆ?

ಮೊಳೆಗೆ ತಂತಿ ಸುತ್ತಿ ಸೆಲ್‌ಗೆ ಜೋಡಿಸಿದರೆ ವಿದ್ಯುತ್ಕಾಂತ ತಯಾರು. ಇಷ್ಟು ಶಾಲೆಯ ಪುಸ್ತಕದಲ್ಲೇ ಇರುತ್ತದೆ. ಅದು ನಾಲ್ಕೇ ಗುಂಡುಪಿನ್ನು ಎತ್ತಿದರೆ? ಇನ್ನಷ್ಟು ಸುತ್ತು ಹಾಕಿ ಎನ್ನುತ್ತಾರೆ ಎಲ್ಲರೂ. ಈ ಸಲಹೆ ಅರ್ಧ ಮಾತ್ರ ಸರಿ. ಯಾಕೆ ಅನ್ನೋದನ್ನು ಮಾಡಿಯೇ ನೋಡೋಣ.

ನಾಲ್ಕು ಇಂಚಿನ ಕಬ್ಬಿಣದ ಮೊಳೆ, ಮೋಟಾರ್ ವೈಂಡಿಂಗ್‌ಗೆ ಬಳಸುವ 28 ಗೇಜ್ (ದಪ್ಪದ ಅಳತೆ) ಎನಾಮಲ್ (ಕರೆಂಟ್ ಹಾಯದ ತೆಳು ಲೇಪ) ತಾಮ್ರದ ತಂತಿ ಐದಾರು ಮೀಟರ್, 1.5 ವೋಲ್ಟಿನ ಮಾಮೂಲಿ ಸೆಲ್, ಗುಂಡುಪಿನ್ನು, ಮರಳು ಕಾಗದ ಇಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿ ಬೇಡ. ಗೋಡೆಯ ಪ್ಲಗ್ಗಂತೂ ಬೇಡವೇ ಬೇಡ, ಜೀವಕ್ಕೇ ಅಪಾಯ.

ಸುತ್ತುವುದು

ಒಂದು ಗೇಣು ತಂತಿ ಹೊರಗೆ ಬಿಟ್ಟು, ಒತ್ತೊತ್ತಾಗಿ 100 ಸುತ್ತು ಹಾಕಿ. ಮೊಳೆಯ ತುದಿ ಮುಟ್ಟಿದರೆ ಅದರ ಮೇಲೇ ವಾಪಸ್ ಬನ್ನಿ. ಆದರೆ ತಿರುಗಿಸುವ ದಿಕ್ಕು ಬದಲಾಗಬಾರದು. ದಿಕ್ಕು ತಪ್ಪಿದರೆ ಒಂದು ಪದರದ ಕೆಲಸವನ್ನು ಇನ್ನೊಂದು ಪದರ ಕೆಡಿಸುತ್ತದೆ.

ಈಗ ಎರಡೂ ತುದಿಗಳನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ. ಎನಾಮಲ್ ಕೂಡ ತಾಮ್ರದ ಬಣ್ಣದಲ್ಲೇ ಕಾಣುತ್ತದೆ, ಹಾಗಾಗಿ ತಂತಿ ಬರಿದಾಗಿದೆ ಅಂತ ಮೋಸ ಹೋಗುವುದು ಸುಲಭ. ಉಜ್ಜಿದ ಜಾಗ ಹೊಳಪಾಗಿ, ತಿಳಿ ಗುಲಾಬಿ ಬಣ್ಣಕ್ಕೆ ಬರಬೇಕು.

ಸೆಲ್‌ಗೆ ಐದು ಸೆಕೆಂಡ್ ಮಾತ್ರ ಜೋಡಿಸಿ. ಪಿನ್ನುಗಳನ್ನು ಎತ್ತಿ, ಎಣಿಸಿ, ಬಿಡಿಸಿ. ಜಾಸ್ತಿ ಹೊತ್ತು ಇಟ್ಟರೆ ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಬಿಡಿಸಿದ ಮೇಲೂ ಒಂದೆರಡು ಪಿನ್ನು ಅಂಟಿಕೊಂಡೇ ಇದ್ದರೆ ಗಾಬರಿ ಬೇಡ. ಮೊಳೆಯಲ್ಲಿ ಸ್ವಲ್ಪ ಕಾಂತತೆ ಉಳಿದುಬಿಡುತ್ತದೆ. ಗಟ್ಟಿ ಉಕ್ಕಿನಲ್ಲಿ ಇದು ಜಾಸ್ತಿ, ಮೆದು ಕಬ್ಬಿಣದಲ್ಲಿ ಕಡಿಮೆ.

ಒಳಗೆ ಆಗುವುದೇನು?

ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ಅಲುಗುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದರು. ಒಂದು ತಂತಿಯ ಪ್ರಭಾವ ಸಣ್ಣದು. ಸುರುಳಿ ಮಾಡಿದಾಗ ಎಲ್ಲ ಸುತ್ತುಗಳ ಪ್ರಭಾವವೂ ಒಳಗೆ ಕೂಡಿಕೊಳ್ಳುತ್ತದೆ. ಕಬ್ಬಿಣದೊಳಗಿನ ಪುಟ್ಟ ಪುಟ್ಟ ಕಾಂತ ವಲಯಗಳು ಮೊದಲು ದಿಕ್ಕಾಪಾಲಾಗಿರುತ್ತವೆ. ಸುರುಳಿಯ ಸೆಳೆತಕ್ಕೆ ಅವು ಒಂದೇ ಕಡೆ ತಿರುಗಿ, ತಮ್ಮ ಬಲವನ್ನೂ ಸೇರಿಸುತ್ತವೆ. ಮೊಳೆಯನ್ನು ಮೆಲ್ಲಗೆ ಹೊರಗೆಳೆದು ಬರೀ ಸುರುಳಿಗೆ ಕರೆಂಟ್ ಕೊಟ್ಟು ನೋಡಿ. ಪಿನ್ನು ಎತ್ತಲು ಅದು ತಿಣುಕಾಡುತ್ತದೆ.

ಸುತ್ತು ಹೆಚ್ಚಿಸಿದರೆ?

ಈಗ ಹೊಸ ತಂತಿಯಲ್ಲಿ 200 ಸುತ್ತು ಹಾಕಿ, ಅದೇ ಬಗೆಯ ತಾಜಾ ಸೆಲ್‌ಗೆ ಜೋಡಿಸಿ. ಬಲ ಎರಡರಷ್ಟಾಗುತ್ತದೆ ಎಂದುಕೊಂಡಿದ್ದರೆ ನಿರಾಸೆಯಾಗುತ್ತದೆ. ಲೆಕ್ಕಕ್ಕೆ ಬರುವುದು ಬರೀ ಸುತ್ತಲ್ಲ, ಸುತ್ತು ಮತ್ತು ಕರೆಂಟಿನ ಗುಣಲಬ್ಧ. 100 ಸುತ್ತಿನಲ್ಲಿ 2 ಆಂಪಿಯರ್ ಹರಿದರೂ, 200 ಸುತ್ತಿನಲ್ಲಿ 1 ಆಂಪಿಯರ್ ಹರಿದರೂ ಗುಣಲಬ್ಧ 200 ಆಂಪಿಯರ್-ಸುತ್ತು. ತಂತಿ ಉದ್ದವಾದಷ್ಟೂ ಅದರ ರೋಧ ಏರುತ್ತದೆ, ಕರೆಂಟ್ ಇಳಿಯುತ್ತದೆ. ಹಾಗಂತ ಸುತ್ತು ಹಾಕಿದ್ದು ದಂಡವಲ್ಲ. ತಂತಿ ಕಡಿಮೆ ಬಿಸಿಯಾಗುತ್ತದೆ, ಸೆಲ್ ಹೆಚ್ಚು ಬಾಳುತ್ತದೆ.

ಬಲ ನಿಜಕ್ಕೂ ಏರಬೇಕಾದರೆ ಸುತ್ತಿನ ಜೊತೆ ತಂತಿಯ ದಪ್ಪವೂ ಏರಲಿ, ಇಲ್ಲವೇ ಇನ್ನೊಂದು ಸೆಲ್ ಸರಣಿಯಲ್ಲಿ ಸೇರಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ತಾಜಾ ಸೆಲ್ ಬಳಸಿ. ಸೋತ ಸೆಲ್ಲಿಟ್ಟು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಇದಕ್ಕೂ ಮಿತಿಯಿದೆ. ಸುಮಾರು 2 ಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಹೊತ್ತಿಗೆ ಕಬ್ಬಿಣದ ವಲಯಗಳೆಲ್ಲ ತಿರುಗಿ ಮುಗಿದಿರುತ್ತವೆ. ಅದಾದ ಮೇಲೆ ಕಬ್ಬಿಣದಿಂದ ಹೆಚ್ಚಿನ ನೆರವಿಲ್ಲ.

ಬಾಗಿದ ಕಬ್ಬಿಣ

ಮೊಳೆಯ ತುದಿಗೂ ಪಿನ್ನಿಗೂ ನಡುವೆ ಕಾಗದ ಹಿಡಿದರೂ ಹಿಡಿತ ಸಡಿಲವಾಗುತ್ತದೆ. ಸಂದು ಅಷ್ಟು ದೊಡ್ಡ ಶತ್ರು. ಅದಕ್ಕೇ ಯು ಆಕಾರದ ಕಬ್ಬಿಣ ಮೇಲು, ಎರಡೂ ಧ್ರುವಗಳು ಒಂದೇ ವಸ್ತುವನ್ನು ಹಿಡಿಯುತ್ತವೆ. 1825ರಲ್ಲಿ ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್, ಲಾಳದಂತೆ ಬಗ್ಗಿಸಿದ ಸುಮಾರು 200 ಗ್ರಾಂ ಕಬ್ಬಿಣದಿಂದ 4 ಕಿಲೋ ಎತ್ತಿದರು. ಅವರ ತಂತಿಗೆ ಹೊದಿಕೆ ಇರಲಿಲ್ಲ, ಸುತ್ತುಗಳನ್ನು ದೂರ ದೂರ ಹಾಕಬೇಕಿತ್ತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಹೊದಿಸಿ, ಪದರದ ಮೇಲೆ ಪದರ ಸುತ್ತಿದರು. 1831ರಲ್ಲಿ ಅವರ ವಿದ್ಯುತ್ಕಾಂತ 900 ಕಿಲೋಗೂ ಜಾಸ್ತಿ ಹೊತ್ತಿತು.

ನೀವೂ ಯು ಬೋಲ್ಟ್ ತಂದು ಎರಡೂ ಕಾಲಿಗೆ ಸುತ್ತಬಹುದು. ಬೋಲ್ಟನ್ನು ನೆಟ್ಟಗೆ ಮಾಡಿದಂತೆ ಊಹಿಸಿಕೊಂಡರೆ ಸುತ್ತು ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಸಾಗಬೇಕು, ಅದನ್ನಷ್ಟು ನೋಡಿಕೊಳ್ಳಿ.